ಒಂದು ಹಾಳೆ, ಎರಡು ಮುಖ: ಕಬುಕಿ ನಟರ ಮರದಚ್ಚಿನ ಚಿತ್ರಗಳು

(ದತ್ತಿ ಉಪನ್ಯಾಸ)

1. ಹಣೆಯ ಮೇಲಿನ ನೇರಳೆ ಬಟ್ಟೆ

ಹದಿನೆಂಟನೆಯ ಶತಮಾನದ ಜಪಾನಿನಲ್ಲಿ ಅಚ್ಚಾದ ಸ್ತ್ರೀವೇಷದ ಚಿತ್ರವೊಂದನ್ನು ಕೈಗೆತ್ತಿಕೊಂಡರೆ ಕಣ್ಣು ಮೊದಲು ಹೋಗುವುದು ಕಿಮೋನೋದ ಹೂಬಳ್ಳಿಯ ಕಡೆಗೆ, ಆಮೇಲೆ ಎತ್ತಿ ಕಟ್ಟಿದ ಮುಡಿಯ ಕಡೆಗೆ. ಇನ್ನೂ ಸ್ವಲ್ಪ ಹೊತ್ತು ನೋಡಿದವರಿಗೆ ಹಣೆಯ ಮೇಲ್ಭಾಗದಲ್ಲಿ, ಕೂದಲು ಶುರುವಾಗುವ ಜಾಗದಲ್ಲಿ, ಒಂದು ನೇರಳೆ ಬಟ್ಟೆಯ ತುಂಡು ಕಾಣಿಸುತ್ತದೆ. ನೋಡಲು ಅಲಂಕಾರದಂತಿರುವ ಆ ಬಟ್ಟೆ ಹುಟ್ಟಿದ್ದು ಸರ್ಕಾರದ ಕಟ್ಟಪ್ಪಣೆಯಿಂದ.

1603ರ ಸುಮಾರಿಗೆ ಕ್ಯೋಟೊ ನಗರದಲ್ಲಿ ಇಜುಮೊ ನೊ ಒಕುನಿ ಎಂಬ ನರ್ತಕಿ ಕಟ್ಟಿದ ಆಟದಿಂದ ಕಬುಕಿ ಎಂಬ ನಾಟಕ ಪ್ರಕಾರ ಬೆಳೆಯಿತು. 1629ರಲ್ಲಿ ತೊಕುಗಾವ ಆಡಳಿತ ಹೆಂಗಸರು ರಂಗವೇರುವುದನ್ನು ನಿಷೇಧಿಸಿತು. ಅವರ ಜಾಗಕ್ಕೆ ಬಂದ ಎಳೆಯ ಹುಡುಗರಿಗೂ 1652ರಲ್ಲಿ ಅದೇ ಗತಿಯಾಯಿತು. ಬೆಳೆದ ಗಂಡಸರು ಆಡಬಹುದು, ಆದರೆ ಉಳಿದ ಗಂಡಸರಂತೆ ಮುಂದಲೆ ಬೋಳಿಸಿಕೊಂಡಿರಬೇಕು ಎಂಬ ಷರತ್ತಿನೊಂದಿಗೆ ರಂಗಮಂದಿರಗಳ ಬಾಗಿಲು ಮತ್ತೆ ತೆರೆದವು. ‘ಒನ್ನಗಾತ’ ಎನ್ನಿಸಿಕೊಂಡ ಸ್ತ್ರೀವೇಷಧಾರಿಗಳು ಆ ಬೋಳನ್ನು ಮರೆಮಾಡಲು ಬಟ್ಟೆ ಹೊದಿಸಿಕೊಂಡರು. ಮುಂದೆ ಕಟ್ಟುಗೂದಲು ಬಂದು ಬಟ್ಟೆಯ ಅಗತ್ಯ ತೀರಿತು. ಅದರ ರೂಢಿ ಮಾತ್ರ ಹೋಗಲಿಲ್ಲ.

ಚಿತ್ರಕಾರ ಮನಸ್ಸು ಮಾಡಿದ್ದರೆ ಅದನ್ನು ಕೈಬಿಡಬಹುದಿತ್ತು. ಪಾತ್ರ ಸಮುರಾಯ್ ಮನೆತನದ ಗೃಹಿಣಿ; ನಿಜವಾದ ಗೃಹಿಣಿ ಯಾರೂ ಹಣೆಗೆ ಅಂಥ ಬಟ್ಟೆ ಕಟ್ಟುತ್ತಿರಲಿಲ್ಲ. ಆದರೂ ಆತ ಅದನ್ನು ಬರೆದ, ಕೆತ್ತುವವನು ಕೆತ್ತಿದ, ಅಚ್ಚೊತ್ತುವವನು ಅದಕ್ಕೆಂದೇ ನೇರಳೆ ಬಣ್ಣ ಕಲಸಿದ. ಅಂಗಡಿಗೆ ಬಂದ ಗಿರಾಕಿಗೆ ಹೆಣ್ಣೂ ಬೇಕಿತ್ತು, ಆ ಹೆಣ್ಣಾದ ಗಂಡಸೂ ಬೇಕಿತ್ತು.

ಜಪಾನೀಯರು ‘ಯಾಕುಶಾ-ಎ’, ಅಂದರೆ ನಟಚಿತ್ರ, ಎಂದು ಕರೆದ ಈ ಪ್ರಕಾರದ ಹೂರಣ ಇಲ್ಲಿದೆ ಎಂಬುದು ಈ ಉಪನ್ಯಾಸದ ವಾದ. ಒಂದೇ ಹಾಳೆಯಲ್ಲಿ ನಟನನ್ನೂ ಪಾತ್ರವನ್ನೂ ಒಟ್ಟಿಗೆ ಕಾಣಿಸುವುದು ಹೇಗೆ? ಸುಮಾರು 250 ವರ್ಷಗಳ ಕಾಲ ಜಪಾನಿನ ಕಲಾವಿದರು ಈ ಒಂದು ಪ್ರಶ್ನೆಗೆ ಬೇರೆಬೇರೆ ಉತ್ತರ ಕೊಡುತ್ತ ಹೋದರು.

2. ಗಕ್ಕನೆ ನಿಂತ ಕ್ಷಣ

ಈ ಚಿತ್ರಗಳು ಅರ್ಥವಾಗಬೇಕಾದರೆ ‘ಮಿಯೆ’ಯನ್ನು ಅರಿತಿರಬೇಕು. ಕಥೆ ಬಿಗಿಯಾಗುತ್ತ ಹೋಗಿ ತುತ್ತತುದಿ ಮುಟ್ಟಿದಾಗ ನಟ ತಲೆಯನ್ನು ಒಂದು ಸುತ್ತು ತಿರುಗಿಸಿ, ಕಣ್ಣು ಕೆರಳಿಸಿ, ಕೈಕಾಲು ಚಾಚಿದ ಭಂಗಿಯಲ್ಲಿ ಗಕ್ಕನೆ ನಿಂತುಬಿಡುತ್ತಾನೆ. ರಂಗದ ಬದಿಯಲ್ಲಿ ಕುಳಿತವನು ಎರಡು ಮರದ ತುಂಡುಗಳನ್ನು ಹಲಗೆಗೆ ಬಡಿದು ‘ಬತ್ತರಿ’ ಎಂದು ಸದ್ದೆಬ್ಬಿಸುತ್ತಾನೆ. ಅದೇ ಗಳಿಗೆಗೆ ಹಿಂದಿನ ಸಾಲಿನಿಂದ ಕಟ್ಟಾ ಅಭಿಮಾನಿಯೊಬ್ಬ ನಟನ ಮನೆತನದ ಹೆಸರು ಹಿಡಿದು ಕೂಗುತ್ತಾನೆ. ಇಚಿಕಾವ ದಾಂಜೂರೊ ಆಗಿದ್ದರೆ ‘ನರಿತಾಯ!’ ಎಂಬ ಕೂಗು. ಪಾತ್ರ ತನ್ನ ಪರಾಕಾಷ್ಠೆಯಲ್ಲಿರುವಾಗಲೇ ಪ್ರೇಕ್ಷಕ ನಟನನ್ನು ಹೆಸರು ಹಿಡಿದು ಕರೆಯುತ್ತಾನೆ. ಅದರಿಂದ ಯಾರಿಗೂ ರಸಭಂಗವಾಗುವುದಿಲ್ಲ. ನಟಚಿತ್ರ ಆ ಕೂಗನ್ನು ಕಾಗದಕ್ಕೆ ಇಳಿಸಿತು.

ಮಿಯೆ ಕೆಲವೇ ಕ್ಷಣ ನಿಲ್ಲುತ್ತದೆ. ಅದನ್ನು ಮನೆಗೆ ಒಯ್ಯಬೇಕೆಂಬ ಆಸೆ ಎಡೊ ನಗರದ, ಅಂದರೆ ಇಂದಿನ ಟೋಕಿಯೋದ, ವರ್ತಕರು, ಕುಶಲಕರ್ಮಿಗಳು, ಮನೆಗೆಲಸದ ಹುಡುಗಿಯರು ಎಲ್ಲರಿಗೂ ಇತ್ತು. ಒಂದು ಹಾಳೆಯ ಬೆಲೆ ಒಂದು ಬಟ್ಟಲು ಸೋಬಾ ನೂಡಲ್ಸ್‌ನ ಆಸುಪಾಸಿನಲ್ಲಿತ್ತು. ಆಟ ನಡೆಯುತ್ತಿರುವಾಗಲೇ ಚಿತ್ರ ಅಂಗಡಿಗೆ ಬರಬೇಕು. ಆಟ ಮುಗಿದರೆ ಬೇಡಿಕೆಯೂ ಇಳಿದೀತು. ಹಾಗಾಗಿ ಇದು ಅವಸರದ ಕಸುಬು.

3. ಸೋರೆಕಾಯಿ ಕಾಲು, ಎರೆಹುಳು ಗೆರೆ

ಮೊದಲ ಉತ್ತರ ತೊರೀ ಮನೆತನದ್ದು. ಒಸಾಕದಲ್ಲಿ ಸ್ತ್ರೀವೇಷ ಕಟ್ಟುತ್ತಿದ್ದ ಕಿಯೊಮೊತೊ 1687ರಲ್ಲಿ ಎಡೊಗೆ ಬಂದು ರಂಗಮಂದಿರಗಳ ಮುಂದಿನ ಜಾಹೀರಾತು ಫಲಕ ಬರೆಯಲು ತೊಡಗಿದ. ಅವನ ಮಗ ತೊರೀ ಕಿಯೊನೊಬು (1664–1729) ಫಲಕದ ಶೈಲಿಯನ್ನು ಅಚ್ಚಿನ ಚಿತ್ರಕ್ಕೆ ತಂದ. ಬೀದಿಯಲ್ಲಿ ಹೋಗುವವರ ಕಣ್ಣು ದೂರದಿಂದಲೇ ಸೆಳೆಯಬೇಕಾದ ಶೈಲಿ ಅದು. ಎಡೊ ಜನ ಆಗ ಹುಚ್ಚೆದ್ದು ನೋಡುತ್ತಿದ್ದದ್ದು ಮೊದಲನೆಯ ಇಚಿಕಾವ ದಾಂಜೂರೊ (1660–1704) ಹುಟ್ಟುಹಾಕಿದ ‘ಅರಾಗೊತೊ’ ಎಂಬ ಆರ್ಭಟದ ಅಭಿನಯ. ಅದಕ್ಕೆ ತಕ್ಕಂತೆ ಕಿಯೊನೊಬು ಮೀನಖಂಡ ಉಬ್ಬಿ ಕಣಕಾಲು ಸಣ್ಣಗಾಗುವ ‘ಸೋರೆಕಾಯಿ ಕಾಲು’, ದಪ್ಪಗಾಗುತ್ತ ತೆಳ್ಳಗಾಗುತ್ತ ಹೊರಳುವ ‘ಎರೆಹುಳು ಗೆರೆ’ ಬಳಸಿದ. ಈ ಹೆಸರುಗಳು ಜಪಾನೀ ಭಾಷೆಯಲ್ಲೇ ಇವೆ.

ಕಪ್ಪು ಗೆರೆಯಷ್ಟೇ ಅಚ್ಚಾಗುತ್ತಿದ್ದ ಕಾಲವದು. ಸಿಂಧೂರದ ಕೇಸರಿಗೆಂಪನ್ನು ಕುಂಚದಿಂದ ಒಂದೊಂದೇ ಹಾಳೆಗೆ ಹಚ್ಚಬೇಕಿತ್ತು. ಕಿಯೊನೊಬುವಿನ ಹಾಳೆಗಳಲ್ಲಿ ಮುಖಗಳೆಲ್ಲ ಹೆಚ್ಚುಕಡಿಮೆ ಒಂದೇ ತೆರ. ನಟ ಯಾರೆಂದು ತಿಳಿಯಬೇಕಾದರೆ ತೋಳಿನ ಮೇಲಿನ ಮನೆತನದ ಲಾಂಛನ ನೋಡಬೇಕು. ಒಂದರೊಳಗೊಂದು ಕೂತ ಮೂರು ಚೌಕಗಳಿದ್ದರೆ ಅವನು ದಾಂಜೂರೊ. ತೊರೀ ಕಲಾವಿದರು ಬರೆದದ್ದು ಪಾತ್ರದ ಕಸುವನ್ನು. ನಟ ಲಾಂಛನವಾಗಿ ತೋಳಿನ ಮೇಲೆ ಉಳಿದ.

4. ನಾಲ್ಕು ಜನರ ಕೈ

ಮುಖಕ್ಕೆ ಮುಖದ ಬೆಲೆ ಬರಲು ತಂತ್ರವೂ ಪಳಗಬೇಕಿತ್ತು. 1740ರ ದಶಕದಲ್ಲಿ ಕೆಂಪು, ಹಸಿರು ಎಂಬ ಎರಡು ಬಣ್ಣಗಳನ್ನು ಹಲಗೆಯಿಂದಲೇ ಒತ್ತುವುದು ಸಾಧ್ಯವಾಯಿತು. 1765ರಲ್ಲಿ ಸುಜುಕಿ ಹರುನೊಬುವಿನ ಚಿತ್ರಗಳೊಂದಿಗೆ ಹಲವು ಬಣ್ಣದ ‘ನಿಶಿಕಿ-ಎ’ ಬಂತು. ನಿಶಿಕಿ ಎಂದರೆ ಜರತಾರಿಯ ಬಟ್ಟೆ.

ಚಿತ್ರದ ಮೂಲೆಯಲ್ಲಿ ಒಬ್ಬ ಕಲಾವಿದನ ರುಜು ಇದ್ದರೂ ಹಾಳೆ ನಾಲ್ಕು ಜನರ ಕೆಲಸ. ಬಂಡವಾಳ ಹಾಕುವವನು, ಯಾವ ನಟನನ್ನು ಯಾವ ಪಾತ್ರದಲ್ಲಿ ಬರೆಸಬೇಕೆಂದು ತೀರ್ಮಾನಿಸುವವನು ಪ್ರಕಾಶಕ. ಚಿತ್ರಕಾರ ತೆಳು ಕಾಗದದ ಮೇಲೆ ಮಸಿಯಲ್ಲಿ ಗೆರೆ ಎಳೆದುಕೊಡುತ್ತಾನೆ. ಕೆತ್ತುವವನು ಆ ಕಾಗದವನ್ನು ಚೆರ್ರಿ ಮರದ ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆ ಉಳಿಸಿ ಉಳಿದದ್ದನ್ನು ಕೊರೆದು ತೆಗೆಯುತ್ತಾನೆ. ಹಲಗೆ ಸಿದ್ಧವಾಗುವ ಹೊತ್ತಿಗೆ ಮೂಲ ಚಿತ್ರ ಇಲ್ಲವಾಗಿರುತ್ತದೆ. ಕೆತ್ತುವ ಮನೆಯಲ್ಲಿ ಕಿಮೋನೋ, ಹಿನ್ನೆಲೆ ಕಿರಿಯರ ಪಾಲು. ಮುಖ ಮತ್ತು ಕೂದಲೆಳೆ ಪಳಗಿದ ಹಿರಿಯರಿಗೆ ಮೀಸಲು. ಕಪೋಲದ ಪಕ್ಕ ಇಳಿಬಿದ್ದ ಕೂದಲಿನ ಒಂದೊಂದು ಎಳೆಯೂ ಮರದಲ್ಲಿ ಎದ್ದು ನಿಂತ ಏಣು ಎಂಬುದನ್ನು ನೆನೆದರೆ ಆ ಕೈಗಳ ಹದ ಅರಿವಾಗುತ್ತದೆ.

ಕೊನೆಗೆ ಅಚ್ಚೊತ್ತುವವನು. ಕೋಜೊ ಎಂಬ ಹಿಪ್ಪುನೇರಳೆ ಜಾತಿಯ ಗಿಡದ ನಾರಿನಿಂದ ಮಾಡಿದ ಕಾಗದಕ್ಕೆ ಪಟಿಕ ಮತ್ತು ಅಂಟಿನ ನೀರು ಸವರಿ ಹದಗೊಳಿಸುತ್ತಾರೆ. ಬಣ್ಣಕ್ಕೊಂದು ಹಲಗೆ. ಪ್ರತಿ ಹಲಗೆಯ ಅಂಚಿನಲ್ಲೂ ‘ಕೆಂತೊ’ ಎಂಬ ಎರಡು ಗುರುತು ಕೊರೆದಿರುತ್ತಾರೆ. ಕಾಗದದ ಮೂಲೆ, ಅಂಚು ಅಲ್ಲಿ ಕೂತರೆ ಬಣ್ಣ ಗೆರೆಯಾಚೆ ಸರಿಯುವುದಿಲ್ಲ. ಬಿದಿರಿನ ಪೊರೆ ಸುತ್ತಿದ ‘ಬಾರೆನ್’ ಎಂಬ ದುಂಡು ಬಿಲ್ಲೆಯಿಂದ ಕಾಗದದ ಬೆನ್ನನ್ನು ಉಜ್ಜುವುದೇ ಮುದ್ರಣ. ಯಂತ್ರದ ಮಾತೇ ಇಲ್ಲ. ಕೆಂಪು ಕುಸುಬೆ ಹೂವಿನದು, ನೀಲಿ ನೀಲಿಗಿಡದ್ದೋ ಇನ್ನೊಂದು ಹೂವಿನದೋ. ಹೂವಿನ ಆ ನೀಲಿ ಬೆಳಕು, ತೇವ ತಾಳದು. ಅದನ್ನು ಕುಸುಬೆಯ ಕೆಂಪಿಗೆ ಬೆರೆಸಿದ ನೇರಳೆಯೂ ಹಾಗೆಯೇ. ಇಂದಿನ ಸಂಗ್ರಹಾಲಯಗಳಲ್ಲಿ ಎಷ್ಟೋ ಹಣೆಬಟ್ಟೆಗಳು ಕಂದಿಹೋಗಿರುವುದು ಅದಕ್ಕೆ.

5. ಹೋಲಿಕೆ ಬಂತು

1770ರಲ್ಲಿ ಕಾತ್ಸುಕಾವ ಶುನ್‌ಶೋ (1726–1792) ಮತ್ತು ಇಪ್ಪಿತ್ಸುಸಾಯ್ ಬುಂಚೋ ಸೇರಿ ‘ಎಹೊನ್ ಬುತಾಯ್ ಓಗಿ’ ಎಂಬ ಪುಸ್ತಕ ತಂದರು. ಬೀಸಣಿಗೆಯ ಆಕಾರದ ಚೌಕಟ್ಟಿನೊಳಗೆ ನಟರ ಮುಖಗಳು, ಒಂದೊಂದೂ ಬೇರೆ. ಇವನ ಮೂಗು ಗಿಡುಗನದು, ಅವನ ಗಲ್ಲ ಜೋತಿದೆ, ಇನ್ನೊಬ್ಬನ ಕಣ್ಣು ಸಣ್ಣದು. ‘ನಿಗಾವೊ’, ಅಂದರೆ ಹೋಲುವ ಮುಖ, ಎಂಬ ಮಾತು ನಟಚಿತ್ರಕ್ಕೆ ಅಂಟಿಕೊಂಡಿತು. ಲಾಂಛನ ನೋಡದೆಯೂ ನಟನನ್ನು ಗುರುತಿಸಬಹುದಾಯಿತು.

ಕಬುಕಿಯಲ್ಲಿ ಇದು ಸಣ್ಣ ಮಾತಲ್ಲ. ಅಲ್ಲಿ ಹೆಸರು ಮನೆತನದ ಆಸ್ತಿ. ತಂದೆಯಿಂದ ಮಗನಿಗೆ, ಗುರುವಿನಿಂದ ದತ್ತುಮಗನಿಗೆ ಇಳಿದುಬರುತ್ತದೆ. 2022ರ ನವೆಂಬರಿನಲ್ಲಿ ಟೋಕಿಯೋದ ಕಬುಕಿ-ಜಾ ರಂಗಮಂದಿರದಲ್ಲಿ ಹದಿಮೂರನೆಯ ದಾಂಜೂರೊ ಆ ಹೆಸರು ಧರಿಸಿದ. ಹೆಸರು ಒಂದೇ, ಪಾತ್ರವೂ ಒಂದೇ, ಬದಲಾಗುವುದು ಮುಖ. ಶುನ್‌ಶೋ ಐದನೆಯ ದಾಂಜೂರೊನನ್ನು ಬರೆದಾಗ ನೋಡುಗರು ಹಿಂದಿನವರಿಗಿಂತ ಬೇರೆಯಾದ ಒಬ್ಬ ಮನುಷ್ಯನನ್ನು ಕಂಡರು. ಮುಂದೆ ಜಗತ್ಪ್ರಸಿದ್ಧನಾದ ಹೊಕುಸಾಯ್ ಕೂಡ 1779ರ ಸುಮಾರಿಗೆ ‘ಶುನ್‌ರೋ’ ಎಂಬ ಹೆಸರಿನಲ್ಲಿ ಇದೇ ಗರಡಿಯಲ್ಲಿ ನಟಚಿತ್ರ ಬರೆಯುತ್ತ ಕೈ ಪಳಗಿಸಿಕೊಂಡವನು.

6. ಶರಾಕುವಿನ ಹತ್ತು ತಿಂಗಳು

1794ರ ಬೇಸಿಗೆ ಎಡೊದ ರಂಗಭೂಮಿಗೆ ಒಳ್ಳೆಯ ಕಾಲವಾಗಿರಲಿಲ್ಲ. ಪರವಾನಗಿ ಪಡೆದ ಮೂರು ದೊಡ್ಡ ರಂಗಮಂದಿರಗಳು ಸಾಲದಿಂದ ಬಾಗಿಲು ಹಾಕಿದ್ದವು; ಅವುಗಳ ಬದಲಿಗೆ ಮಿಯಾಕೊ-ಜಾ, ಕಿರಿ-ಜಾ, ಕವರಜಾಕಿ-ಜಾ ಆಟ ಆಡಿಸುತ್ತಿದ್ದವು. ಪ್ರಕಾಶಕ ತ್ಸುತಾಯ ಜೂಜಾಬುರೊ ಕೂಡ ಪೆಟ್ಟು ತಿಂದವನೇ. ಆಡಳಿತಕ್ಕೆ ಒಪ್ಪದ ಪುಸ್ತಕ ತಂದ ತಪ್ಪಿಗೆ 1791ರಲ್ಲಿ ಅವನ ಅರ್ಧ ಆಸ್ತಿ ಜಪ್ತಿಯಾಗಿತ್ತು. ಅಂಥವನು ಯಾರೂ ಹೆಸರು ಕೇಳದ ಒಬ್ಬ ಚಿತ್ರಕಾರನ 28 ದೊಡ್ಡ ಚಿತ್ರಗಳನ್ನು ಒಂದೇ ಕಂತಿನಲ್ಲಿ, ಕಾಗೆಬಂಗಾರದ ಪುಡಿಯಿಂದ ಮಿರುಗುವ ಕಪ್ಪು ಹಿನ್ನೆಲೆಯೊಂದಿಗೆ, ಹೊರತಂದ. ಆ ಚಿತ್ರಕಾರ ತೋಶೂಸಾಯ್ ಶರಾಕು.

ಇವುಗಳಲ್ಲಿ ಹೆಚ್ಚು ಹೆಸರಾದದ್ದು ಮೂರನೆಯ ಓತಾನಿ ಓನಿಜಿ ಎಂಬ ನಟ ಎಡೊಬೇ ಎಂಬ ಸೇವಕನ ಪಾತ್ರದಲ್ಲಿರುವ ಚಿತ್ರ. ಕವರಜಾಕಿ-ಜಾದ ಆಟದಲ್ಲಿ ಎಡೊಬೇ ಖಳನ ಕೈಯಾಳು. ಇಪ್ಪೇ ಎಂಬ ಇನ್ನೊಬ್ಬ ಸೇವಕನ ಮೇಲೆರಗಿ ಹಣ ದೋಚಲು ಹೊರಟವನು. ಶರಾಕು ಅವನನ್ನು ಎದೆಯವರೆಗೆ ಮಾತ್ರ ಬರೆದಿದ್ದಾನೆ. ಕತ್ತು ಮುಂದಕ್ಕೆ ಚಾಚಿದೆ, ಹುಬ್ಬು ಮೇಲೇರಿದೆ, ತುಟಿ ಕೆಳಗೆಳೆದುಕೊಂಡಿದೆ. ಕಿಮೋನೋದ ಸಂದಿಯಿಂದ ಎರಡು ಕೈ ಹೊರಬಂದು ಬೆರಳು ಬಿಚ್ಚಿವೆ. ಆ ದೊಡ್ಡ ಮುಖಕ್ಕೆ ಆ ಪುಟ್ಟ ಕೈಗಳು ಹೊಂದುವುದೇ ಇಲ್ಲ. ಆದರೆ ಚಿತ್ರದ ಬಿಗಿಯೆಲ್ಲ ಆ ಬೆರಳುಗಳಲ್ಲಿದೆ. ಇದರ ಜೋಡಿಯಾಗಿ ಇಪ್ಪೇ ಪಾತ್ರದ ಇಚಿಕಾವ ಓಮೆಜೋನ ಚಿತ್ರವೂ ಇದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಹೊಡೆದಾಟದ ಮುಂಚಿನ ಉಸಿರುಬಿಗಿತ ಪೂರ್ತಿಯಾಗುತ್ತದೆ.

ಅದೇ ಆಟದಲ್ಲಿ ಮಗಳ ಅಪಕೀರ್ತಿಗೆ ಪ್ರಾಯಶ್ಚಿತ್ತವಾಗಿ ಪ್ರಾಣ ಬಿಡುವ ತಂದೆ ತಕೆಮುರ ಸದಾನೊಶಿನ್ ಪಾತ್ರ ಇಚಿಕಾವ ಎಬಿಜೋನದು. ಈತ ಬೇರಾರೂ ಅಲ್ಲ, ಶುನ್‌ಶೋ ಬರೆಯುತ್ತಿದ್ದ ಐದನೆಯ ದಾಂಜೂರೊನೇ. ದೊಡ್ಡ ಹೆಸರನ್ನು ಮಗನಿಗೆ ಬಿಟ್ಟುಕೊಟ್ಟು ಹೊಸ ಹೆಸರು ತೊಟ್ಟಿದ್ದ. ಐವತ್ತು ದಾಟಿದ ಮುಖದ ಸುಕ್ಕು, ಬಿಗಿದ ತುಟಿ, ಎದೆಯ ಮುಂದೆ ಹೆಣೆದ ಬೆರಳು ಯಾವುದನ್ನೂ ಶರಾಕು ಬಿಟ್ಟಿಲ್ಲ. ಆ ಸುಕ್ಕು ನಟನದೋ, ತಂದೆಯ ಪಾತ್ರದ್ದೋ? ಎರಡನ್ನೂ ಬಿಡಿಸಲಾಗುವುದಿಲ್ಲ.

ಸ್ತ್ರೀವೇಷಗಳಲ್ಲಿ ಆತ ಇನ್ನೂ ಕಟುವಾದ. ಎರಡನೆಯ ಸೆಗಾವ ತೊಮಿಸಾಬುರೊ ಯದೊರಿಗಿ ಎಂಬ ಗೃಹಿಣಿಯಾಗಿರುವ ಚಿತ್ರದಲ್ಲಿ ಮುಡಿ, ಉಡುಗೆ, ಭಂಗಿ ಎಲ್ಲವೂ ಕುಲವಂತ ಹೆಣ್ಣಿನದು. ದವಡೆ, ಮೂಗು ಗಂಡಸಿನವು. ಉಳಿದವರು ನೇರಳೆ ಬಟ್ಟೆಯಷ್ಟರಲ್ಲಿ ಹೇಳಿ ಮುಗಿಸಿದ್ದನ್ನು ಶರಾಕು ಇಡೀ ಮುಖದಲ್ಲಿ ಹೇಳಿದ. ನಟನಿಗೂ ಪಾತ್ರಕ್ಕೂ ನಡುವಿನ ಸಂದನ್ನು ಮುಚ್ಚದೆ ಅದನ್ನೇ ಬರೆದ ಕಲಾವಿದ ಅವನು.

ನೋಡುಗರಿಗೆ ಇದು ಒಗ್ಗಿತೇ? ಸಮಕಾಲೀನ ಬರಹಗಾರ ಓತ ನಂಪೊನ ಟಿಪ್ಪಣಿಯ ಸಾರ ಇಷ್ಟು: ಇದ್ದದ್ದನ್ನು ಇದ್ದ ಹಾಗೆ ಬರೆಯಲು ಹೋಗಿ ಬರೆಯಬಾರದ್ದನ್ನೂ ಬರೆದ, ಹಾಗಾಗಿ ಅವನ ಕಸುಬು ಹೆಚ್ಚು ದಿನ ನಡೆಯಲಿಲ್ಲ. 1795ರ ಆರಂಭಕ್ಕೆ ಶರಾಕು ಮಾಯವಾದ. ಹತ್ತು ತಿಂಗಳಲ್ಲಿ ಆತ ಕೊಟ್ಟ ಚಿತ್ರಗಳು ಸುಮಾರು 140. ಅವನು ಅವಾ ಸಂಸ್ಥಾನದ ಸೇವೆಯಲ್ಲಿದ್ದ ಸಾಯ್ತೋ ಜೂರೊಬೇ ಎಂಬ ನೋ ನಾಟಕದ ನಟ ಎಂದು 1844ರಲ್ಲಿ ಸಾಯ್ತೋ ಗೆಶ್ಶಿನ್ ಎಂಬ ಬರಹಗಾರ ಬರೆದಿಟ್ಟ. ಅದು ನಿಜವಾದರೆ ಮುಖವಾಡ ತೊಟ್ಟು ಆಡುವ ರಂಗದ ನಟನೊಬ್ಬ ಬಣ್ಣ ಬಳಿದು ಆಡುವ ರಂಗದ ನಟರನ್ನು ನೋಡಿದ ಬಗೆ ಇದು.

ಜರ್ಮನಿಯ ಯೂಲಿಯುಸ್ ಕುರ್ತ್ 1910ರಲ್ಲಿ ಶರಾಕುವಿನ ಬಗ್ಗೆ ಪುಸ್ತಕ ಬರೆದ ಮೇಲೆ ಹೊರಜಗತ್ತು ಅವನತ್ತ ತಿರುಗಿತು. 1928ರಲ್ಲಿ ಎರಡನೆಯ ಇಚಿಕಾವ ಸದಾಂಜಿಯ ಕಬುಕಿ ಮೇಳ ಮಾಸ್ಕೋಗೆ ಹೋದಾಗ ಆಟ ನೋಡಿದ ಚಲನಚಿತ್ರ ನಿರ್ದೇಶಕ ಸೆರ್ಗೇಯ್ ಐಸೆನ್‌ಸ್ಟೈನ್ ಮರುವರ್ಷದ ಲೇಖನದಲ್ಲಿ ಶರಾಕುವನ್ನು ಎತ್ತಿಕೊಂಡ. ಮೂಗು, ಕಣ್ಣು, ಬಾಯಿ ತಮ್ಮತಮ್ಮಲ್ಲಿ ಸರಿಯಾಗಿದ್ದು, ಕೂಡಿದಾಗ ಮಾತ್ರ ಅಳತೆ ಮೀರುವ ಆ ಮುಖಗಳಲ್ಲಿ ಆತ, ಬಿಡಿ ತುಣುಕುಗಳನ್ನು ಕೂಡಿಸಿ ಅರ್ಥ ಹುಟ್ಟಿಸುವ ತನ್ನ ಮೊಂಟಾಜ್ ತತ್ವಕ್ಕೆ ನಂಟು ಕಂಡ.

7. ಹೆಸರು ಕಿತ್ತುಕೊಂಡಾಗ

ಶರಾಕು ಸೋತ ಕಡೆ ಗೆದ್ದವನು ಉತಾಗಾವ ತೊಯೊಕುನಿ (1769–1825). 1794ರಲ್ಲೇ ಶುರುವಾದ ಅವನ ‘ರಂಗದ ಮೇಲಿನ ನಟರ ನಿಲುವು’ ಸರಣಿಯಲ್ಲಿ ನಟರು ಅಡಿಯಿಂದ ಮುಡಿಯವರೆಗೆ ಚೆಲುವಾಗಿ ನಿಂತಿದ್ದಾರೆ. ಅಭಿಮಾನಿ ಬಯಸಿದ್ದು ಅದನ್ನೇ. ತೊಯೊಕುನಿಯ ಶಿಷ್ಯ ಕುನಿಸಾದ (1786–1865) ಈ ದಾರಿಯನ್ನು ಹೆದ್ದಾರಿ ಮಾಡಿದ. ಅವನು ರಚಿಸಿದ ಚಿತ್ರಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು ಎಂಬ ಅಂದಾಜಿದೆ.

ಅಷ್ಟರಲ್ಲಿ ಆಡಳಿತದ ಕೈ ಮತ್ತೆ ಬಿತ್ತು. ತೆಂಪೊ ಸುಧಾರಣೆಗಳೆಂಬ ಮಿತವ್ಯಯದ ಕಾನೂನುಗಳ ಭಾಗವಾಗಿ 1842ರಲ್ಲಿ ನಟರ, ವೇಶ್ಯೆಯರ ಚಿತ್ರ ಮಾರಕೂಡದೆಂಬ ಆಜ್ಞೆ ಹೊರಟಿತು. ರಂಗಮಂದಿರಗಳನ್ನು ನಗರದ ನಡುವಿನಿಂದ ಅಸಾಕುಸದ ಅಂಚಿಗೆ ಸಾಗಹಾಕಿದರು. ಆಡಂಬರದ ಬದುಕಿನ ಆರೋಪ ಹೊರಿಸಿ ಏಳನೆಯ ದಾಂಜೂರೊನನ್ನು ಎಡೊದಿಂದಲೇ ಗಡೀಪಾರು ಮಾಡಿದರು.

ಕುನಿಯೋಶಿ (1797–1861) ಎಂಬ ಚಿತ್ರಕಾರ ಕಂಡುಕೊಂಡ ದಾರಿ ಈ ಚರಿತ್ರೆಯಲ್ಲೇ ಸೊಗಸಿನದು. 1848ರ ಸುಮಾರಿಗೆ ಆತ ಉಗ್ರಾಣದ ಗೋಡೆಯೊಂದರ ಚಿತ್ರ ಬರೆದ. ಗೋಡೆಯ ಮೇಲೆ ಯಾರೋ ಪೋಲಿ ಹುಡುಗ ಮೊಳೆಯಲ್ಲಿ ಗೀಚಿದಂತೆ ಸೊಟ್ಟಸೊಟ್ಟ ಮುಖಗಳು, ನಡುವೆ ಕುಣಿಯುವ ಒಂದು ಬೆಕ್ಕು. ಉಡುಗೆಯಿಲ್ಲ, ರಂಗವಿಲ್ಲ, ಬಣ್ಣವಂತೂ ಅಷ್ಟಕ್ಕಷ್ಟೆ. ಆದರೆ ಗೀಚಿದ ಪ್ರತಿ ಮುಖದಲ್ಲೂ ಎಡೊ ಜನ ತಮ್ಮ ನೆಚ್ಚಿನ ನಟನನ್ನು ಕಂಡುಹಿಡಿದರು. ಬೇರೆ ಹಾಳೆಗಳಲ್ಲಿ ಅವನ ಬೆಕ್ಕು, ಆಮೆ, ಹೊಂಬಣ್ಣದ ಮೀನುಗಳಿಗೂ ನಟರ ಮುಖ. ಶುನ್‌ಶೋ ಕಾಲದಿಂದ ಮುಖಗಳನ್ನು ಓದಲು ಕಲಿತಿದ್ದ ಜನರಿಗೆ ಒಂದು ಮೂಗಿನ ಗೆರೆಯೇ ಸಾಕಾಗಿತ್ತು.

ನಿಷೇಧ ಸಡಿಲಿಸಿದ ಮೇಲೂ ಕೆಲವು ಕಾಲ ನಟರ ಹೆಸರನ್ನು ಅಚ್ಚು ಮಾಡುವಂತಿರಲಿಲ್ಲ. 1852ರಲ್ಲಿ ಕುನಿಸಾದ ತೊಕಾಯ್ದೊ ಹೆದ್ದಾರಿಯ ತಂಗುದಾಣಗಳಿಗೆ ಒಂದೊಂದು ನಾಟಕದ ಪಾತ್ರವನ್ನು ಹೊಂದಿಸಿ ಸರಣಿ ಮಾಡಿದಾಗ ಊರಿನ ಹೆಸರಿತ್ತು, ಪಾತ್ರದ ಹೆಸರಿತ್ತು, ನಟನ ಹೆಸರಿರಲಿಲ್ಲ. ಸರಣಿ ಭರ್ಜರಿಯಾಗಿ ಮಾರಾಟವಾಯಿತು. ತೊರೀ ಕಾಲದಲ್ಲಿ ಲಾಂಛನವಿದ್ದು ಮುಖವಿರಲಿಲ್ಲ. ಈಗ ಹೆಸರಿಲ್ಲದಿದ್ದರೂ ಮುಖವೇ ಮಾತಾಡಿತು.

8. ತಿಳಿನೀಲಿ ಉಡುಗೆಯ ದಾಂಜೂರೊ

ಗಡೀಪಾರಾದ ತಂದೆಯ ಮಗ, ಎಂಟನೆಯ ದಾಂಜೂರೊ (1823–1854), ಎಡೊದ ಹೆಂಗಸರ ಕಣ್ಮಣಿ. 1853ರಲ್ಲಿ ನಕಾಮುರ-ಜಾದಲ್ಲಿ ಮೈತುಂಬ ಗಾಯದ ಕಲೆ ಹೊತ್ತ ಪ್ರೇಮಿ ಯೊಸಾಬುರೊನ ಪಾತ್ರವನ್ನು ಮೊದಲ ಬಾರಿ ಆಡಿದವನು ಅವನೇ. ಆ ಬೆಳ್ಳನೆಯ ಮುಖದ ಮೇಲೆ ಕೆಂಪು ಗಾಯದ ಗೆರೆಗಳನ್ನು ಕುನಿಸಾದ ಬರೆದ ಹಾಳೆಗಳು ಬಂದವು. ಮರುವರ್ಷ ಒಸಾಕದಲ್ಲಿ, ಆಟ ಶುರುವಾಗಬೇಕಿದ್ದ ದಿನವೇ, ದಾಂಜೂರೊ ಆತ್ಮಹತ್ಯೆ ಮಾಡಿಕೊಂಡ.

ಸುದ್ದಿ ಎಡೊ ತಲುಪಿದ್ದೇ ತಡ, ‘ಶಿನಿ-ಎ’ ಎಂಬ ಮರಣಚಿತ್ರಗಳು ಅಂಗಡಿಗಳನ್ನು ತುಂಬಿದವು. ನಟ ತೀರಿಕೊಂಡಾಗ ಇಂಥ ಚಿತ್ರ ತರುವ ರೂಢಿ ಹಿಂದೆಯೂ ಇತ್ತು. ಇವನೊಬ್ಬನಿಗಾಗಿ ಬಂದವು ನೂರಕ್ಕೂ ಹೆಚ್ಚು. ತಿಳಿನೀಲಿ ಸಾವಿನುಡುಗೆ, ಕೈಯಲ್ಲಿ ಜಪಮಾಲೆ, ಪಕ್ಕದಲ್ಲಿ ಬೌದ್ಧ ಕ್ರಮದಂತೆ ಕೊಟ್ಟ ಮರಣೋತ್ತರ ಹೆಸರು. ಒಂದರಲ್ಲಂತೂ ಬುದ್ಧನ ಮಹಾಪರಿನಿರ್ವಾಣದ ಮಾದರಿಯಲ್ಲೇ ಅವನು ಮಲಗಿದ್ದಾನೆ. ಸುತ್ತ ಶಿಷ್ಯರ ಬದಲು ಅಳುವ ಹೆಂಗಸರು. ಪಾತ್ರವಿಲ್ಲದೆ ನಟನೊಬ್ಬನನ್ನೇ ಬರೆಯಬೇಕಾಗಿ ಬಂದಾಗಲೂ ಕಲಾವಿದರು ಅವನಿಗೊಂದು ಪಾತ್ರ ಕೊಟ್ಟರು.

9. ಮುಖವೇ ಹಲಗೆಯಾದಾಗ

ತೊಕುಗಾವ ಆಡಳಿತ ಮುಗಿದು ಬಂದ ಮೇಜಿ ಕಾಲದಲ್ಲಿ ಛಾಯಾಚಿತ್ರ ಹರಡಿತು, ಯೂರೋಪಿನ ಗಾಢ ಕೆಂಪು, ನೇರಳೆ ಬಣ್ಣಗಳು ಬಂದವು. ತೊಯೊಹಾರ ಕುನಿಚಿಕ (1835–1900) ಒಬ್ಬನೇ ನಟನನ್ನು ಮೂರು ಹಾಳೆಗಳ ಅಗಲಕ್ಕೆ ಹರಡಿ ಬರೆದು ಫೋಟೋಗೆ ಸಾಧ್ಯವಾಗದ ಹಿರಿಮೆ ಕೊಟ್ಟ. ಹಳೆಯ ಹಾಳೆಗಳು ಹಡಗು ಹತ್ತಿ ಪ್ಯಾರಿಸ್ಸಿಗೆ ಹೋದವು. 1887ರಲ್ಲಿ ವಿನ್ಸೆಂಟ್ ವ್ಯಾನ್ ಗೋ ಬಣ್ಣದ ವ್ಯಾಪಾರಿ ತಾಂಗಿಯ ಭಾವಚಿತ್ರ ಬರೆದಾಗ ಹಿಂದಿನ ಗೋಡೆಯ ತುಂಬ ಇದ್ದ ಜಪಾನೀ ಹಾಳೆಗಳಲ್ಲಿ ಕುನಿಸಾದನ ಕಬುಕಿ ವೇಷಗಳೂ ಇದ್ದವು. ಜಪಾನಿನಲ್ಲೇ ನತೊರಿ ಶುನ್ಸೆನ್ (1886–1960) ಪ್ರಕಾಶಕ ವತನಾಬೆ ಶೋಜಾಬುರೊಗಾಗಿ 1925ರಿಂದ 36 ನಟರ ಮುಖಗಳ ಸರಣಿ ತಂದ. ಕ್ಯಾಮೆರಾ ಹೋಲಿಕೆಯ ಕೆಲಸವನ್ನು ವಹಿಸಿಕೊಂಡಿದ್ದ ಆ ಕಾಲದಲ್ಲೂ ಕೆತ್ತುವವರು ಮುಖ ಕೆತ್ತಿದರು, ಅಚ್ಚೊತ್ತುವವರು ಬಾರೆನ್ ಉಜ್ಜಿದರು.

ಕಬುಕಿಯ ಬಣ್ಣದ ಕೋಣೆಯಲ್ಲಿ ಇಂದಿಗೂ ನಡೆಯುವ ಇನ್ನೊಂದು ಮುದ್ರಣವಿದೆ. ಅರಾಗೊತೊ ಪಾತ್ರಗಳಿಗೆ ‘ಕುಮದೊರಿ’ ಎಂಬ ಪಟ್ಟೆಪಟ್ಟೆಯ ಮುಖವರ್ಣಿಕೆ ಇರುತ್ತದೆ. ವೀರನಿಗೆ ಕೆಂಪು, ಕೇಡಿಗೆ ನೀಲಿ. ಆಟ ಮುಗಿಸಿ ಬಂದ ನಟ, ಬೆವರು ಆರುವ ಮೊದಲು, ಒಂದು ರೇಷ್ಮೆ ಬಟ್ಟೆಯನ್ನು ಮುಖದ ಮೇಲೆ ಹರಡಿ ಅಂಗೈಯಿಂದ ನಿಧಾನವಾಗಿ ಒತ್ತುತ್ತಾನೆ. ಹುಬ್ಬಿನ ಏರು, ಕೆನ್ನೆಯ ಪಟ್ಟೆ, ತುಟಿಯ ಓರೆ ಬಟ್ಟೆಗೆ ಇಳಿಯುತ್ತವೆ. ಇದಕ್ಕೆ ‘ಒಶಿಗುಮ’ ಎನ್ನುತ್ತಾರೆ. ಬಟ್ಟೆ ಎತ್ತಿದಾಗ ಅದರ ಮೇಲೆ ಪಾತ್ರದ ಮುಖವಿರುತ್ತದೆ, ಅದರ ಅಳತೆ ಮಾತ್ರ ನಟನದು. ನಟ ಅದರ ಅಂಚಿನಲ್ಲಿ ತನ್ನ ಹೆಸರು ಬರೆದು ಅಭಿಮಾನಿಗೆ ಕೊಟ್ಟು, ಮಸುಕಾಗಿ ಉಳಿದ ಬಣ್ಣ ತೊಳೆದುಕೊಳ್ಳಲು ಕನ್ನಡಿಯ ಮುಂದೆ ಕೂರುತ್ತಾನೆ.